ಹವ್ಯಾಸಿ ಕಥಾಸಂಕಲನ ಮತ್ತು ಅದರ ಓದುಗರು

ಹವ್ಯಾಸಿ ಬರಹಗಾರರ ಕಥಾಸಂಕಲನಗಳಿಗೆ ಸಾಹಿತ್ಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಸ್ಥಾನ ದೊರೆಯುವುದಿಲ್ಲ. ಸಂಘವೊಂದರ ಸದಸ್ಯರು ತಾವೇ ಬರೆದು, ತಮ್ಮಲ್ಲೇ ಒಬ್ಬರಿಂದ ಸಂಪಾದಿಸಿಕೊಂಡು, ತಮ್ಮದೇ ವಂತಿಗೆಯಿಂದ ಅಚ್ಚು ಹಾಕಿಸಿ, ಕೊನೆಗೆ ತಾವೇ ಕೊಂಡು ಓದುವ ಈ ಪುಸ್ತಕಗಳು ವಿಮರ್ಶಕರ ಮೇಜಿನವರೆಗೆ ಬರುವುದು ಅಪರೂಪ. ಬಂದರೂ ತೆರೆಯದೆ ಉಳಿಯುವುದೇ ಹೆಚ್ಚು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂತಹ ಪುಸ್ತಕಗಳ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಪ್ರಸ್ತುತ ಲೇಖನದ ವಿಷಯ ಆ ಕಥೆಗಳ ಗುಣದೋಷವಲ್ಲ. ಅಂತಹ ಪುಸ್ತಕವನ್ನು ಅದೇ ಸಮುದಾಯದ ಓದುಗರು ಹೇಗೆ ಓದುತ್ತಾರೆ, ಓದಿದ ಮೇಲೆ ಏನು ಹೇಳುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ವಿಷಯವನ್ನು ಕೈಗೆತ್ತಿಕೊಳ್ಳಲು ನಮ್ಮದೇ ಒಂದು ತಪ್ಪು ಕಾರಣವಾಯಿತೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ಉತ್ತರ ಭಾರತದ ನಗರವೊಂದರ ಕನ್ನಡಿಗರ ಬಳಗವು ತನ್ನ ಸದಸ್ಯರ ಕಥೆಗಳ ಸಂಕಲನವನ್ನು ಹೊರತಂದು, ಬಿಡುಗಡೆಯ ದಿನ ಮಾತನಾಡಲು ನಮ್ಮನ್ನು ಕರೆದಿತ್ತು. ಪುಸ್ತಕ ನಮ್ಮ ಕೈಸೇರಿದ್ದು ಹಿಂದಿನ ದಿನ ಸಂಜೆ. ಕೆಲವು ಕಥೆಗಳನ್ನು ಓದಿದೆವು, ಉಳಿದವುಗಳ ಮೇಲೆ ಕಣ್ಣಾಡಿಸಿದೆವು. ಮರುದಿನ ವೇದಿಕೆಯ ಮೇಲೆ ‘ತಾಯ್ನಾಡಿನಿಂದ ದೂರವಿದ್ದೂ ನುಡಿಯನ್ನು ಉಳಿಸಿಕೊಂಡ’ ಎಲ್ಲ ಕಥೆಗಾರರನ್ನೂ ಒಟ್ಟಾಗಿ ಪ್ರಶಂಸಿಸಿ ಕುಳಿತೆವು. ಸಭೆ ಮುಗಿದು ಫಲಾಹಾರ ನಡೆಯುತ್ತಿದ್ದಾಗ ಧಾರವಾಡದ ಕಡೆಯ ಹಿರಿಯ ಮಹಿಳೆಯೊಬ್ಬರು, ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು, ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಸರ, ನನ್ನ ಕತಿ ಓದೀರೇನ್ರಿ?” ಅವರ ಕಥೆ ನಾವು ಕಣ್ಣಾಡಿಸಿದವುಗಳಲ್ಲಿ ಒಂದು. ನಾವು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಅವರು ಹೆಚ್ಚೇನೂ ಹೇಳದೆ ತಟ್ಟೆ ಹಿಡಿದು ಆಚೆ ಸರಿದರು.

ಆನಂತರ ಆ ಸಂಕಲನದ ಬಗೆಗೆ ಬಳಗದ ಓದುಗರು ಬರೆದ ಪತ್ರಗಳನ್ನು ಸಂಪಾದಕರಿಂದ ಕೇಳಿ ಪಡೆದು ಓದಿದೆವು. ಅವುಗಳಲ್ಲಿ ಎದ್ದು ಕಂಡ ಸಂಗತಿಗಳು ಇಂತಹ ಬೇರೆ ಸಂಕಲನಗಳಿಗೂ ಅನ್ವಯಿಸುತ್ತವೆಂದು ನಮ್ಮ ತಿಳಿವಳಿಕೆ. ಬಹುಪಾಲು ಪತ್ರಗಳು ಅಭಿನಂದನೆಯವು; ಯಾವ ಕಥೆಯ ಹೆಸರೂ ಅವುಗಳಲ್ಲಿಲ್ಲ. ಮುಂದಿನ ಪುಸ್ತಕಕ್ಕೂ ಅವನ್ನು ಒಂದಕ್ಷರ ಬದಲಿಸದೆ ಕಳಿಸಬಹುದು. ಬೇರೆ ಕೆಲವು ಅಕ್ಷರದೋಷಗಳ ಪಟ್ಟಿಗಳು. ಅಕಾರ ಹಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ವಿಚಾರದಲ್ಲಿ ನಮ್ಮವರು ತೋರಿಸುವ ಶ್ರದ್ಧೆಯ ಕಾಲುಭಾಗವನ್ನಾದರೂ ಕಥೆಯ ಕಡೆಗೆ ತೋರಿಸಿದ್ದರೆ ಎಂದು ಅನಿಸದಿರಲಿಲ್ಲ. ಮೂರನೆಯ ಬಗೆಯದು ಕುತೂಹಲಕರ. ಈ ಓದುಗರು ಪಾತ್ರಗಳ ಮೂಲವನ್ನು ಹುಡುಕುವವರು: ಆ ಕಥೆಯಲ್ಲಿ ಬರುವ ಜಿಪುಣ ಲೆಕ್ಕಾಧಿಕಾರಿ ಯಾರೆಂದು ತಮಗೆ ಗೊತ್ತು, ಸೊಸೆಯನ್ನು ಕಾಡುವ ಅತ್ತೆ ಇಂಥ ಬಡಾವಣೆಯವರೇ ಸರಿ, ಎಂಬಿತ್ಯಾದಿ.

ಈ ಮೂರನೆಯ ಬಗೆಯನ್ನು ಬರಿಯ ಹರಟೆಯೆಂದು ತಳ್ಳಿಹಾಕುವಂತಿಲ್ಲ. ಪೇಟೆಯಲ್ಲಿ ಮಾರಾಟವಾಗುವ ಕಥಾಸಂಕಲನದ ಓದುಗನಿಗೆ ಕಥೆಗಾರ ಒಂದು ಹೆಸರು ಮಾತ್ರ. ಸಮುದಾಯದ ಸಂಕಲನದ ಓದುಗನಿಗಾದರೋ ಕಥೆಗಾರ ನೆರೆಮನೆಯವ, ಸಹೋದ್ಯೋಗಿ, ರಾಜ್ಯೋತ್ಸವದ ನಾಟಕದಲ್ಲಿ ಜೊತೆಗೆ ಬಣ್ಣ ಹಚ್ಚಿದವ. ಅನೇಕ ವೇಳೆ ಆ ಓದುಗನ ಕಥೆಯೂ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿರುತ್ತದೆ. ಹೀಗೆ ಒಬ್ಬನೇ ವ್ಯಕ್ತಿ ಪರಿಚಿತನೂ ಸಹಲೇಖಕನೂ ಗಿರಾಕಿಯೂ ಆಗಿರುವಾಗ ಅವನ ಅಭಿಪ್ರಾಯಕ್ಕೆ ಮೂರು ಕಡೆಯ ಜಗ್ಗಾಟವಿರುತ್ತದೆ. ಕಥೆ ಹುಟ್ಟಿದ ಜೀವನವನ್ನು ಅವನಷ್ಟು ಹತ್ತಿರದಿಂದ ಬಲ್ಲ ವಿಮರ್ಶಕ ಬೇರೆಲ್ಲೂ ಸಿಗಲಾರ. ಬಾಯಿಬಿಟ್ಟು ನಿಜವನ್ನು ಹೇಳಲು ಅವನಷ್ಟು ಅಂಜುವವನೂ ಸಿಗಲಾರ. ಮುಂದಿನ ಭಾನುವಾರ ಮುಖ ನೋಡಬೇಕಾದವರ ಕಥೆಯನ್ನು ಚೆನ್ನಾಗಿಲ್ಲವೆನ್ನುವುದು ಹೇಗೆ? ಈ ಅಂಜಿಕೆಯಿಂದಲೇ ‘ಚೆನ್ನಾಗಿದೆ’ ಎಂಬ ಮಾತು ಹುಟ್ಟುತ್ತದೆ, ಅಲ್ಲಿಗೇ ಪ್ರತಿಕ್ರಿಯೆ ನಿಂತೂ ಬಿಡುತ್ತದೆ.

ಈ ತೊಡಕು ನಮ್ಮದು ಮಾತ್ರವಲ್ಲ. ಇದನ್ನು ಬಹಳ ಹಿಂದೆಯೇ ಎದುರಿಸಿ, ಪ್ರತಿಕ್ರಿಯೆಯನ್ನೇ ಒಂದು ಕ್ರಮಬದ್ಧ ವ್ಯವಸ್ಥೆಯಾಗಿ ರೂಪಿಸಿಕೊಂಡ ಸಮುದಾಯವೊಂದರ ದಾಖಲೆಗಳು ಉಳಿದುಬಂದಿವೆ. ಅದು ಅಮೆರಿಕದ ಹವ್ಯಾಸಿ ಪತ್ರಿಕಾ ಚಳವಳಿ. ದೂರದ ಉದಾಹರಣೆಯಾದರೂ ನಮ್ಮ ಪ್ರಶ್ನೆಗೆ ಅದರಷ್ಟು ಹೊಂದುವ ಇನ್ನೊಂದು ನಮಗೆ ತೋರುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಅಗ್ಗದ ಪುಟ್ಟ ಕೈಮುದ್ರಣ ಯಂತ್ರಗಳು ಮಾರಾಟಕ್ಕೆ ಬಂದವು. ಹದಿಹರೆಯದ ಹುಡುಗರು ಮನೆಯಲ್ಲೇ ಮೊಳೆ ಜೋಡಿಸಿ ನಾಲ್ಕೆಂಟು ಪುಟದ ಪತ್ರಿಕೆಗಳನ್ನು ಅಚ್ಚು ಮಾಡಿ ಪರಸ್ಪರ ಅಂಚೆಯಲ್ಲಿ ಹಂಚಿಕೊಳ್ಳತೊಡಗಿದರು. ಇಂತಹವರು ಸೇರಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನ್ಯಾಷನಲ್ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1895ರಲ್ಲಿ ಯುನೈಟೆಡ್ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬ ಇನ್ನೊಂದು ಹುಟ್ಟಿತು. ಸಂಭಾವನೆಯಿಲ್ಲ, ಚಂದಾ ವ್ಯಾಪಾರವಿಲ್ಲ. ಬರೆಯುವವರೂ ಅವರೇ, ಓದುವವರೂ ಅವರೇ. ಯುನೈಟೆಡ್ ಸಂಸ್ಥೆ ಮಾಡಿದ ಒಂದು ಏರ್ಪಾಡು ನಮ್ಮ ಗಮನಕ್ಕೆ ಯೋಗ್ಯವಾಗಿದೆ. ಅಲ್ಲಿ ವಿಮರ್ಶೆಗೆ ಎರಡು ವಿಭಾಗಗಳಿದ್ದವು. ಖಾಸಗಿ ವಿಮರ್ಶೆಯ ವಿಭಾಗ ಹೊಸ ಲೇಖಕನ ಹಸ್ತಪ್ರತಿಯನ್ನು ಅಚ್ಚಿಗೆ ಮೊದಲೇ ನೋಡಿ, ತಿದ್ದಿ, ಸಲಹೆ ಕೊಡುತ್ತಿತ್ತು. ಬಹಿರಂಗ ವಿಮರ್ಶೆಯ ವಿಭಾಗ ಅಚ್ಚಾದ ಪತ್ರಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಹೆಸರು ಹಿಡಿದು, ಸಂಸ್ಥೆಯ ಮುಖಪತ್ರಿಕೆಯಲ್ಲಿ ಪರಿಶೀಲಿಸುತ್ತಿತ್ತು. ನೇಮಕಗೊಂಡ ವಿಮರ್ಶಕನಿಗೆ ಕಟುಮಾತು ಒಂದು ಕರ್ತವ್ಯವಾದ್ದರಿಂದ ಅದರಿಂದ ಹುಟ್ಟುವ ಮುಜುಗರ ಅವನೊಬ್ಬನ ತಲೆಯ ಮೇಲೆ ಬೀಳುತ್ತಿರಲಿಲ್ಲ. ಇದು ಸಣ್ಣ ಜಾಣತನವೇನಲ್ಲ.

1914ರಲ್ಲಿ ಈ ಸಂಸ್ಥೆಗೆ ಪ್ರಾವಿಡೆನ್ಸ್ ನಗರದ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ತರುಣ ಸೇರಿದ. ಪ್ರೌಢಶಾಲೆಯನ್ನೂ ಪೂರ್ತಿ ಮಾಡದೆ, ಮನೆಯೊಳಗೇ ಅಡಗಿ ಕುಳಿತಿದ್ದ ಈತ ಮುಂದೆ ಭಯಾನಕ ಕಥೆಗಳ ಕರ್ತೃವಾಗಿ ಲೋಕಪ್ರಸಿದ್ಧನಾದ. ಅದೇ ವರ್ಷ ಬಹಿರಂಗ ವಿಮರ್ಶೆಯ ವಿಭಾಗಕ್ಕೆ ಅವನೇ ಮುಖ್ಯಸ್ಥನಾದ. ಅವನ ಆ ಕಾಲದ ವಿಮರ್ಶೆಗಳಲ್ಲಿ ಛಂದಸ್ಸು, ಪ್ರಾಸ, ವಾಕ್ಯದೋಷಗಳ ಎಣಿಕೆಯೇ ಪ್ರಧಾನ. ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಶ್ರದ್ಧಾವಂತರು ಅವನನ್ನು ತಮ್ಮವನೆಂದೇ ಬಗೆದಾರು. ಆದರೆ ಅವನು ವಿಮರ್ಶೆ ಕೊಟ್ಟಷ್ಟೇ ಪಡೆದ ಎಂಬುದು ಮುಖ್ಯ. 1915ರಲ್ಲಿ ಅವನು ಆರಂಭಿಸಿದ ‘ದಿ ಕನ್ಸರ್ವೇಟಿವ್’ ಎಂಬ ತನ್ನದೇ ಪತ್ರಿಕೆಯಲ್ಲಿ ಪ್ರಕಟವಾದ ಜನಾಂಗದ್ವೇಷದ ಮಾತುಗಳನ್ನು ಚಾರ್ಲ್ಸ್ ಐಸಾಕ್ಸನ್ ಮತ್ತು ಜೇಮ್ಸ್ ಮಾರ್ಟನ್ ಎಂಬ ಇಬ್ಬರು ಸಹಸದಸ್ಯರು ತೀಕ್ಷ್ಣವಾಗಿ ಖಂಡಿಸಿದರು. ಲವ್‌ಕ್ರಾಫ್ಟ್ ಉತ್ತರವಾಗಿ ಅವರಿಬ್ಬರನ್ನೂ ಅಣಕಿಸುವ ಒಂದು ಪದ್ಯವನ್ನು ಬರೆದನಾದರೂ ಅಚ್ಚಿಗೆ ಕೊಡಲಿಲ್ಲ. ಕೆಲವು ವರ್ಷಗಳ ತರುವಾಯ ಇದೇ ಮಾರ್ಟನ್ ಅವನ ಅತ್ಯಂತ ಆಪ್ತ ಮಿತ್ರರಲ್ಲೊಬ್ಬನಾದ. ಲವ್‌ಕ್ರಾಫ್ಟನ ಪೂರ್ವಗ್ರಹಗಳು ಅಷ್ಟರಿಂದ ಹೋಗಿಬಿಟ್ಟವೆಂದು ಯಾರೂ ತಿಳಿಯಬಾರದು; ಅವು ಅವನ ಪತ್ರಗಳಲ್ಲಿ ಬಹುಕಾಲ ಉಳಿದವು. ಆದರೆ ಬಹಿರಂಗ ಖಂಡನೆ ಬಳಗವನ್ನು ಒಡೆಯಲೇಬೇಕೆಂಬ ನಮ್ಮ ಭಯಕ್ಕೆ ಈ ಸಂಗತಿ ಉತ್ತರವಾಗಬಲ್ಲದು.

ಲವ್‌ಕ್ರಾಫ್ಟ್ ಕಥೆಗಾರನಾಗಿ ಉಳಿದದ್ದಕ್ಕೂ ಇಂತಹ ಓದುಗನೊಬ್ಬನೇ ಕಾರಣ. 1908ರ ಸುಮಾರಿಗೆ ಅವನು ಕಥೆ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದ. ಹವ್ಯಾಸಿ ಬಳಗದ ಡಬ್ಲ್ಯೂ. ಪಾಲ್ ಕುಕ್ ಎಂಬ ಪತ್ರಿಕಾಕರ್ತ ಅವನ ಹುಡುಗತನದ ಕಥೆಗಳನ್ನು ಓದಿ, ಪದ್ಯಕ್ಕಿಂತ ಕಥೆಯೇ ನಿನ್ನ ದಾರಿಯೆಂದು ಒತ್ತಾಯಿಸಿದ್ದರಿಂದ 1917ರಲ್ಲಿ ಮತ್ತೆ ಬರೆಯತೊಡಗಿದ. ಆ ವರ್ಷ ಬರೆದ ‘ಡೇಗನ್’ ಎಂಬ ಕಥೆ 1919ರಲ್ಲಿ ಕುಕ್‌ನ ಹವ್ಯಾಸಿ ಪತ್ರಿಕೆ ‘ದಿ ವೇಗ್ರಂಟ್’ನಲ್ಲಿ ಪ್ರಕಟವಾಯಿತು. ಯುದ್ಧಕಾಲದಲ್ಲಿ ಶತ್ರುಗಳ ಕೈಯಿಂದ ತಪ್ಪಿಸಿಕೊಂಡ ನಾವಿಕನೊಬ್ಬ ಪುಟ್ಟ ದೋಣಿಯಲ್ಲಿ ಅಲೆಯುತ್ತ, ಒಂದು ದಿನ ಕಣ್ತೆರೆದಾಗ ಕಡಲ ತಳದಿಂದ ಮೇಲೆದ್ದ ಕೊಳೆತ ಕೆಸರಿನ ಬಯಲಿನಲ್ಲಿ ತಾನು ಅರ್ಧ ಹೂತುಕೊಂಡು ಬಿದ್ದಿರುವುದನ್ನು ಕಾಣುತ್ತಾನೆ. ಅಲ್ಲಿಂದ ಕಥೆ ಮುಂದುವರಿಯುತ್ತದೆ.

ಈಗ ನಮ್ಮ ವಿಷಯದ ತಿರುಳಿಗೆ ಬರಬಹುದು. ಆ ಕಾಲದಲ್ಲಿ ಬ್ರಿಟನ್, ಅಮೆರಿಕ ಮತ್ತು ಕೆನಡಾಗಳ ಹವ್ಯಾಸಿ ಬರಹಗಾರರ ಒಂದು ಸಣ್ಣ ಬಳಗವಿತ್ತು. ಟ್ರಾನ್ಸ್‌ಅಟ್ಲಾಂಟಿಕ್ ಸರ್ಕ್ಯುಲೇಟರ್ ಎಂದು ಅದರ ಹೆಸರು. ಸದಸ್ಯರ ಕಥೆ ಕವಿತೆಗಳ ಹಸ್ತಪ್ರತಿಗಳು ಒಂದು ಕಟ್ಟಿನಲ್ಲಿ ಅಂಚೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದವು. ಕಟ್ಟನ್ನು ಪಡೆದವನು ಓದಿ, ತನ್ನ ಅಭಿಪ್ರಾಯವನ್ನು ಬರೆದು ಮುಂದಿನವನಿಗೆ ಕಳಿಸಬೇಕು. ಲವ್‌ಕ್ರಾಫ್ಟನ ‘ಡೇಗನ್’ ಮೊದಲಾದ ಕಥೆಗಳು ಹೀಗೆ ಸುತ್ತಿ ಬಂದಾಗ ಮೆಚ್ಚಿಗೆಯ ಜೊತೆಗೆ ಆಕ್ಷೇಪಗಳೂ ಬಂದವು. ಇಂತಹ ವಿಕಾರವಾದ ಕಲ್ಪನೆಗಳ ಪ್ರಯೋಜನವೇನೆಂಬುದು ಒಂದು ಬಗೆ. ಕೆಸರಿನಲ್ಲಿ ಅರ್ಧ ಹೂತವನು ತೆವಳಿಕೊಂಡು ಹೊರಬರುವುದು ಹೇಗೆ ಸಾಧ್ಯವೆಂಬುದು ಇನ್ನೊಂದು. 1921ರಲ್ಲಿ ಅವನು ಇವುಗಳಿಗೆ ಮೂರು ಕಂತುಗಳಲ್ಲಿ ದೀರ್ಘವಾದ ಉತ್ತರಗಳನ್ನು ಬರೆದು ಬಳಗಕ್ಕೆ ಕಳಿಸಿದ. ಇಂದು ಅವು ‘ಇನ್ ಡಿಫೆನ್ಸ್ ಆಫ್ ಡೇಗನ್’ ಎಂಬ ಒಟ್ಟು ಹೆಸರಿನಿಂದ ಪ್ರಸಿದ್ಧವಾಗಿವೆ. ಕಥನಸಾಹಿತ್ಯವನ್ನು ರಮ್ಯ, ವಾಸ್ತವ, ಕಾಲ್ಪನಿಕ ಎಂದು ಮೂರಾಗಿ ವಿಂಗಡಿಸಿ, ತನ್ನದು ಮೂರನೆಯ ಬಗೆಯೆಂದೂ, ಅದನ್ನು ಮೊದಲೆರಡರ ಅಳತೆಗೋಲಿನಿಂದ ಅಳೆಯಬಾರದೆಂದೂ ಅವನು ವಾದಿಸಿದ್ದು ಅಲ್ಲಿಯೇ. ಕೆಸರಿನ ಆಕ್ಷೇಪಕ್ಕೆ ಅವನು ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ: ಆ ತೆವಳಾಟವನ್ನೆಲ್ಲ ತಾನು ಕನಸಿನಲ್ಲಿ ಅನುಭವಿಸಿದ್ದೇನೆ, ಕೆಸರು ಕೆಳಗೆ ಜಗ್ಗಿದ್ದು ಇನ್ನೂ ಮೈಗೆ ತಿಳಿಯುತ್ತದೆ ಎಂದು.

ಈ ಉತ್ತರ ತರ್ಕಕ್ಕೆ ನಿಲ್ಲುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಬಳಗದ ಸದಸ್ಯನೊಬ್ಬ ಕಥೆಯನ್ನು ನಿಜವಾಗಿ ಓದಿ, ಒಂದು ನಿರ್ದಿಷ್ಟ ಜಾಗದಲ್ಲಿ ಬೆರಳಿಟ್ಟು, ಇಲ್ಲಿ ನಂಬಿಕೆ ಬರುವುದಿಲ್ಲ ಎಂದದ್ದರಿಂದ ತಾನೆ ಲೇಖಕ ತನ್ನ ಕಲೆಯ ತಳಹದಿಯನ್ನು ತನಗೂ ಇತರರಿಗೂ ಬಿಡಿಸಿ ಹೇಳಬೇಕಾಯಿತು? ‘ಚೆನ್ನಾಗಿದೆ’ ಎಂಬುದಕ್ಕೆ ಉತ್ತರವಾಗಿ ಯಾರೂ ಮೂರು ಪ್ರಬಂಧಗಳನ್ನು ಬರೆಯಲಾರರು.

ಮುಂದೆ ಈ ಪದ್ಧತಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಕೈಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಮಾಸಿಕ ಓದುಗರ ಪತ್ರಗಳನ್ನು ಅವರ ವಿಳಾಸಸಹಿತ ಅಚ್ಚು ಮಾಡಿತು. ಓದುಗರು ಸಂಪಾದಕನನ್ನು ಬಿಟ್ಟು ಪರಸ್ಪರ ಬರೆದುಕೊಳ್ಳಲಾರಂಭಿಸಿದರು. 1930ರಲ್ಲಿ ‘ದಿ ಕಾಮೆಟ್’ ಎಂಬ ಅವರ ಸ್ವಂತ ಪತ್ರಿಕೆ ಬಂತು. 1937ರಲ್ಲಿ ಡೊನಾಲ್ಡ್ ವೋಲ್‌ಹೈಮ್ ಹವ್ಯಾಸಿ ಪತ್ರಿಕಾ ಸಂಸ್ಥೆಯ ಮಾದರಿಯಲ್ಲೇ ಅಭಿಮಾನಿಗಳದೊಂದು ಸಂಸ್ಥೆಯನ್ನು ಕಟ್ಟಿದ. 1940ರಲ್ಲಿ ಇಂತಹ ಪತ್ರಿಕೆಗಳಿಗೆ ‘ಫ್ಯಾನ್‌ಜೀನ್’ ಎಂಬ ಹೆಸರು ಹುಟ್ಟಿತು. 1967ರಲ್ಲಿ ‘ಸ್ಟಾರ್ ಟ್ರೆಕ್’ ದೂರದರ್ಶನ ಧಾರಾವಾಹಿಯ ಅಭಿಮಾನಿಗಳು ತಂದ ‘ಸ್ಪಾಕನೇಲಿಯಾ’ದಿಂದ ಮುಂದೆ ಈ ಹವ್ಯಾಸಿ ಕಥೆಗಾರಿಕೆಯಲ್ಲಿ ಮಹಿಳೆಯರದೇ ಮೇಲುಗೈ. ಈ ಪತ್ರಿಕೆಗಳಲ್ಲಿ ಬೆಳೆದುಬಂದ ಒಂದು ಸಂಪ್ರದಾಯವನ್ನು ಮಾತ್ರ ಎತ್ತಿ ಹೇಳಬೇಕು. ಸಂಚಿಕೆಯನ್ನು ಓದಿ ವಿವರವಾದ ಪತ್ರ ಬರೆದವನಿಗೆ ಮುಂದಿನ ಸಂಚಿಕೆ ಹಣವಿಲ್ಲದೆ ಸಿಗುತ್ತಿತ್ತು. ಪ್ರತಿಕ್ರಿಯೆಯೇ ಪುಸ್ತಕದ ಬೆಲೆ. ನಮ್ಮ ಸಂಘಗಳಲ್ಲಿ ಗೌರವಪ್ರತಿಗಳನ್ನು ಹಂಚುವಾಗ ಈ ಷರತ್ತನ್ನು ಹಾಕಿದರೆ ಎಷ್ಟು ಪ್ರತಿಗಳು ಉಳಿದಾವು ಎಂಬುದು ಯೋಚಿಸತಕ್ಕ ವಿಷಯ.

ಕನ್ನಡದಲ್ಲಿ ಇಂತಹ ಪರಂಪರೆ ಇರಲೇ ಇಲ್ಲವೆನ್ನಲಾಗದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿದ ಒಂದು ಸಂಘವೇ ಬುನಾದಿ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಬರೆದದ್ದನ್ನು ತಮ್ಮೊಳಗೆ ಓದಿಕೊಂಡು ಚರ್ಚಿಸಿದ ಗುಂಪು. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದವು ಕಾಲೇಜುಗಳ, ವಿದ್ಯಾರ್ಥಿನಿಲಯಗಳ ಕೈಬರಹದ ಪತ್ರಿಕೆಗಳು. ಒಂದೇ ಪ್ರತಿ, ದುಂಡಾದ ಅಕ್ಷರದ ಹುಡುಗನೊಬ್ಬ ಎಲ್ಲರ ಕಥೆಗಳನ್ನೂ ನಕಲು ಮಾಡುತ್ತಿದ್ದ, ಇನ್ನೊಬ್ಬ ಮುಖಚಿತ್ರ ಬರೆಯುತ್ತಿದ್ದ. ಕೊನೆಯ ಕೆಲವು ಪುಟಗಳನ್ನು ಓದುಗರ ಅಭಿಪ್ರಾಯಕ್ಕೆಂದು ಖಾಲಿ ಬಿಡುತ್ತಿದ್ದುದನ್ನು ಹಿರಿಯ ಓದುಗರು ನೆನಪಿಸಿಕೊಂಡಾರು. ಆ ಪುಟಗಳಲ್ಲಿ ಹೊಗಳಿಕೆ, ಕೀಟಲೆ, ಜಗಳ ಎಲ್ಲವೂ ಇರುತ್ತಿದ್ದವು. ಅಲ್ಲಿ ಬರೆದದ್ದನ್ನು ಮುಂದಿನ ಓದುಗನೂ ಕಥೆಯೊಂದಿಗೇ ಓದುತ್ತಿದ್ದನಾದ್ದರಿಂದ ಸುಮ್ಮನೆ ‘ಚೆನ್ನಾಗಿದೆ’ ಎಂದು ಬರೆದು ಹೋದವನು ನಗೆಗೀಡಾಗುತ್ತಿದ್ದ. ಕೈಬರಹದ ಪತ್ರಿಕೆಗಳು ಬಹುಮಟ್ಟಿಗೆ ನಿಂತುಹೋದವು. ಅವುಗಳ ಜಾಗಕ್ಕೆ ಬಂದ ಅಂದವಾದ ಸ್ಮರಣ ಸಂಚಿಕೆಗಳಲ್ಲಿ ಕೊನೆಯ ಪುಟಗಳು ಜಾಹೀರಾತಿಗೆ ಮೀಸಲು.

ಹೊರನಾಡಿನ ಕನ್ನಡಿಗರಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ನಮ್ಮ ಒಂದೊಂದು ಸಂಘದಲ್ಲೂ ಹಳೆಯ ಮೈಸೂರಿನವರು, ಕರಾವಳಿಯವರು, ಧಾರವಾಡ ಕಲಬುರಗಿಗಳವರು, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ಒಟ್ಟಿಗೆ ಸೇರಿರುತ್ತಾರೆ. ಒಬ್ಬರ ಕಥೆಯ ಮಾತು ಇನ್ನೊಬ್ಬರ ಕಿವಿಗೆ ‘ತಪ್ಪು ಕನ್ನಡ’ವಾಗಿ ಕೇಳಿಸುವುದುಂಟು. ಮುಂಬಯಿಯ ಕಥೆಯಲ್ಲಿ ಚಾಳು, ಖೋಲಿಗಳು ಬರದೆ ಇನ್ನೇನು ಬರಬೇಕು? ಆದರೂ ಅಂತಹ ಮಾತುಗಳ ಅಡಿಯಲ್ಲಿ ಗೆರೆ ಎಳೆದು ಕಳಿಸುವ ಓದುಗರಿದ್ದಾರೆ. ಹೀಗೆ ಗೆರೆ ಎಳೆಸಿಕೊಂಡ ಲೇಖಕ ಮುಂದಿನ ಕಥೆಯನ್ನು ಪಠ್ಯಪುಸ್ತಕದ ಭಾಷೆಯಲ್ಲಿ ಬರೆಯುತ್ತಾನೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾನೆ. ನುಡಿಯನ್ನು ಕಾಪಾಡುವ ಉತ್ಸಾಹದಲ್ಲಿ ಆ ನಗರದಲ್ಲಿ ಕನ್ನಡ ಪಡೆದ ಬದುಕನ್ನೇ ಅಳಿಸಿಹಾಕುವುದು ಸರಿಯಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಕಥೆಯಲ್ಲಿ ಯಾರು ಯಾರೊಡನೆ ಯಾವ ಮಾತನಾಡುತ್ತಾರೆ ಎಂಬುದನ್ನು ನೋಡಿದ ಮೇಲಷ್ಟೇ ಅದು ತಪ್ಪೋ ಸರಿಯೋ ಎಂದು ತೀರ್ಮಾನಿಸಲು ಬರುತ್ತದೆ.

ಇವೆಲ್ಲವನ್ನೂ ಯೋಚಿಸಿದ ಮೇಲೆ, ತಡವಾಗಿಯಾದರೂ, ಆ ಹಿರಿಯ ಮಹಿಳೆಯ ಕಥೆಯನ್ನು ಎರಡು ಸಲ ಓದಿ ಅವರಿಗೊಂದು ಪತ್ರ ಬರೆದೆವು. ಕಥೆಯ ವಸ್ತು ಸರಳವಾದುದು. ಹಳ್ಳಿಯಿಂದ ಮಗನ ಸರಕಾರಿ ಕ್ವಾರ್ಟರ್ಸಿಗೆ ಬಂದಿಳಿದ ಮುದುಕಿಯೊಬ್ಬಳಿಗೆ ಹಿಂದಿಯ ಗಂಧವಿಲ್ಲ. ಬೆಳಿಗ್ಗೆ ತಳ್ಳುಗಾಡಿಯಲ್ಲಿ ಬರುವ ಕಾಯಿಪಲ್ಲೆಯವನೊಡನೆ ಅವಳು ಕನ್ನಡದಲ್ಲೇ ಚೌಕಾಸಿ ಮಾಡುತ್ತಾಳೆ. ಅವನು ಹಿಂದಿಯಲ್ಲೇ ಜಗಳವಾಡುತ್ತಾನೆ. ಚಳಿಗಾಲದಲ್ಲಿ ಅವಳು ಕಾಯಿಲೆ ಬಿದ್ದು ನಾಲ್ಕು ದಿನ ಬಾಗಿಲಿಗೆ ಬಾರದಿದ್ದಾಗ ಅವನು ಮೇಲಿನ ಮಹಡಿಯವರೆಗೆ ಹತ್ತಿ ಬಂದು ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ ತೋರಿಸುತ್ತಾನೆ. ಮುದುಕಿಯ ಮಾತಿನ ಲಯ ನಮಗೆ ಬಹಳ ಹಿಡಿಸಿತೆಂದು ಬರೆದೆವು. ಮಗನ ಪಾತ್ರ ಬರಿಯ ನೆರಳಾಗಿ ಉಳಿದಿದೆಯೆಂದೂ, ಕೊನೆಯ ಎಣಿಕೆಯ ಪ್ರಸಂಗ ಸಂತೋಷ ಕೊಟ್ಟರೂ ಕಟ್ಟಿದ್ದೆಂದು ತೋರುತ್ತದೆಯೆಂದೂ, ಅಷ್ಟು ಅಂದವಾಗಿ ಜೀವನದಲ್ಲಿ ನಡೆಯುವುದಿಲ್ಲವೆಂದೂ ಸೇರಿಸಿದೆವು.

ಹತ್ತು ದಿನಗಳಲ್ಲಿ ಉತ್ತರ ಬಂತು. ಮಗನ ಬಗೆಗೆ ನಾವು ಹೇಳಿದ್ದು ನಿಜವೆಂದೂ, ಅವನನ್ನು ಬರೆಯಲು ತಮಗೇ ಧೈರ್ಯ ಸಾಲಲಿಲ್ಲವೆಂದೂ, ಬಳಗದಲ್ಲಿ ಎಲ್ಲರಿಗೂ ಅವರು ಯಾರೆಂದು ಗೊತ್ತಾಗಿಬಿಡುವುದೆಂದೂ ಒಪ್ಪಿಕೊಂಡಿದ್ದರು. ಎಣಿಕೆಯ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ. ಆ ಮುದುಕಿ ತಮ್ಮ ಅತ್ತೆಯೆಂದೂ, ಆತ ಎಣಿಸುವಾಗ ಬಾಗಿಲು ತೆರೆದವರು ತಾವೇ ಎಂದೂ ಬರೆದಿದ್ದರು. ನಿಜಕ್ಕೂ ಅವನು ಎಣಿಸಿದ್ದು ಏಳರವರೆಗೆ ಮಾತ್ರವಂತೆ. ಎಂಟು ಅವನ ಬಾಯಿಗೆ ಬರಲಿಲ್ಲ. ಕಥೆಯಲ್ಲಿ ಹತ್ತು ಮಾಡಿದ್ದು ತಮ್ಮ ತಪ್ಪು, ಎರಡನೆಯ ಮುದ್ರಣವಾದರೆ ತಿದ್ದುವುದಾಗಿ ತಿಳಿಸಿದ್ದರು.